ಎತ್ತಿದ ಕತ್ತಿ, ಆಡದ ಮಾತು: ಜನ್ನನ ಯಶೋಧರನೂ ಕ್ಷಮೆಯ ಪ್ರಶ್ನೆಯೂ

ಪ್ರೇಮದ್ರೋಹದ ಹಾಡುಗಳಿಗೆ ಅರ್ಜೆಂಟೀನದ ಟ್ಯಾಂಗೊ ಹೆಸರಾಗಿದೆ. 1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಹಾಡಿದ ‘ಮಿ ನೋಚೆ ತ್ರಿಸ್ತೆ’ಯಲ್ಲಿ, ಪ್ರಿಯೆ ತೊರೆದುಹೋದ ಗಂಡಸೊಬ್ಬನು ಬರಿದಾದ ಕೋಣೆಯಲ್ಲಿ ಹಲುಬುತ್ತಾನೆ. ಆ ಮಾತನ್ನು ಕೇಳಬೇಕಾದವಳು ಅಲ್ಲಿಲ್ಲ. ಇಂಥ ನೋವನ್ನು ಅದಕ್ಕೂ ಏಳು ಶತಮಾನಗಳ ಹಿಂದೆ, 1209ರಲ್ಲಿ, ಹೊಯ್ಸಳರ ಆಸ್ಥಾನಕವಿ ಜನ್ನನು ‘ಯಶೋಧರ ಚರಿತೆ’ಯಲ್ಲಿ ಇನ್ನೂ ಆಳವಾಗಿ ಶೋಧಿಸಿದ್ದಾನೆ. ಅಲ್ಲಿಯೂ ಅನರ್ಥದ ಮೊದಲು ಒಂದು ಹಾಡೇ ಇದೆ: ಇರುಳಿನಲ್ಲಿ ಕೇಳಿಬಂದ ಮಾವುತನ ಗಾನಕ್ಕೆ ರಾಣಿ ಅಮೃತಮತಿಯು ಮನಸೋಲುತ್ತಾಳೆ. ಅವನು ಕುರೂಪಿಯೆಂದು ತಿಳಿದ ಮೇಲೂ ಅವಳ ಮನಸ್ಸು ತಿರುಗುವುದಿಲ್ಲ.

ಒಂದು ರಾತ್ರಿ ಯಶೋಧರನು ಅವಳನ್ನು ಹಿಂಬಾಲಿಸಿ ಎಲ್ಲವನ್ನೂ ಕಾಣುತ್ತಾನೆ. ಇಬ್ಬರನ್ನೂ ಕೊಲ್ಲಲೆಂದು ಕತ್ತಿ ಎತ್ತುತ್ತಾನೆ; ಆದರೆ ತಡೆದುಕೊಂಡು ಹಿಂದಿರುಗುತ್ತಾನೆ. ಇದು ಕ್ಷಮೆಯೆ? ಮರುದಿನದ ಸಂಗತಿಯನ್ನು ನೋಡಬೇಕು. ಅವನು ರಾಣಿಯನ್ನು ಹೂವಿನಿಂದ ಹೊಡೆಯುತ್ತಾನೆ, ಅವಳು ಮೂರ್ಛೆಹೋದಂತೆ ಬೀಳುತ್ತಾಳೆ, ಅವನು ಕೊಂಕು ನುಡಿಯುತ್ತಾನೆ. ಕತ್ತಿಯು ಒರೆಗೆ ಸೇರಿತೇ ಹೊರತು ನಾಲಗೆಯು ಸೇರಲಿಲ್ಲ. ತಾಯಿ ಚಂದ್ರಮತಿ ಅವನ ಮ್ಲಾನವದನಕ್ಕೆ ಕಾರಣ ಕೇಳಿದಾಗ ಕೆಟ್ಟ ಕನಸೆಂದು ಮರೆಮಾಚುತ್ತಾನೆ. ಆ ಸುಳ್ಳಿನಿಂದ ಬಲಿಯ ಮಾತು ಬರುತ್ತದೆ, ಬಲಿಯಿಂದ ಹಿಟ್ಟಿನ ಕೋಳಿ. ಕೊನೆಗೆ ತಾಯಿಮಕ್ಕಳಿಬ್ಬರೂ ರಾಣಿಯಿಕ್ಕಿದ ವಿಷಕ್ಕೆ ಬಲಿಯಾಗುತ್ತಾರೆ. ಜನ್ನನು ಜೈನಕವಿ, ಸಂಕಲ್ಪಹಿಂಸೆಯ ಫಲವನ್ನು ತೋರಿಸುವುದೇ ಅವನ ಉದ್ದೇಶವೆಂಬುದನ್ನು ನಾವು ಮರೆಯಬಾರದು. ಆ ಕಾವ್ಯವನ್ನು ಕ್ರೈಸ್ತೀಕರಿಸುವುದು ನಮ್ಮ ಕೆಲಸವಲ್ಲ. ಆದರೂ ನಮಗೆ ತೋರುವುದೇನೆಂದರೆ, ಅರಮನೆಯಲ್ಲಿ ಯಾರೂ ಯಾರಿಗೂ ದ್ರೋಹವನ್ನು ದ್ರೋಹವೆಂದು ಹೇಳಲಿಲ್ಲ.

ಇಂಥ ಮೌನವನ್ನೇ ನಾವು ಕ್ಷಮೆಯೆಂದು ಬೋಧಿಸುತ್ತಿಲ್ಲವೆ? ಯಶವಂತಪುರದಲ್ಲಾಗಲಿ ಯಲಹಂಕದಲ್ಲಾಗಲಿ, ವಂಚನೆಗೊಳಗಾದ ಹೆಂಡತಿಯೋ ಗಂಡನೋ ಸಭಾಪಾಲಕರ ಬಳಿಗೆ ಬಂದಾಗ “ಸಹಿಸಿಕೊಳ್ಳಿ, ಕುಟುಂಬದ ಮಾನ ಉಳಿಯಲಿ” ಎಂಬ ಸಲಹೆ ಎಷ್ಟು ಸುಲಭ! (ಈ ಸಲಹೆ ಗಂಡಂದಿರಿಗಿಂತ ಹೆಂಡತಿಯರಿಗೇ ಹೆಚ್ಚು ದೊರೆಯುತ್ತದೆಂಬುದು ನಮ್ಮ ಎಣಿಕೆ.) ಮತ್ತಾಯ 18:15ರಲ್ಲಿ ಕರ್ತನು ತೋರಿಸಿದ ಕ್ರಮ ಬೇರೆ: ತಪ್ಪಿದವನ ಬಳಿಗೆ ಹೋಗಿ, ಇಬ್ಬರೇ ಇರುವಾಗ ತಪ್ಪನ್ನು ತಿಳಿಸಬೇಕು. ಪ್ರಾಣಭಯವಿರುವ ಮನೆಯಲ್ಲಿ ಇದನ್ನು ಒಂಟಿಯಾಗಿ ಮಾಡಬೇಕೆಂದು ಯಾರನ್ನೂ ಒತ್ತಾಯಿಸಲಾಗದು. ಆದರೆ ಸತ್ಯವನ್ನು ಬಿಟ್ಟುಬಿಡಲೂ ಆಗದು.

ಯೋಸೇಫನ ನಡೆ ಇಲ್ಲಿ ನಮಗೆ ನೆರವಾಗುತ್ತದೆ. ಆದಿಕಾಂಡ 45ರಲ್ಲಿ ಅವನು ಐಗುಪ್ತದವರನ್ನೆಲ್ಲ ಹೊರಗೆ ಕಳುಹಿಸಿದ ಮೇಲೆಯೇ ಮಾತನಾಡುತ್ತಾನೆ. ಅಣ್ಣಂದಿರ ಮಾನವನ್ನು ಪರರ ಮುಂದೆ ಕಳೆಯುವುದಿಲ್ಲ. ಆದರೆ ನೀವು ಮಾರಿದ ತಮ್ಮನೇ ನಾನು ಎಂಬುದನ್ನು ಅವರ ಮುಂದೆ ಮುಚ್ಚಿಡುವುದೂ ಇಲ್ಲ. ಅಪ್ಪಿಕೊಂಡು ಅಳುವುದು ಅನಂತರ. ಇಷ್ಟಾದರೂ, ಯಾಕೋಬನು ಐಗುಪ್ತದಲ್ಲಿ 17 ವರ್ಷ ಬದುಕಿ ತೀರಿಕೊಂಡ ಮೇಲೆ, ಯೋಸೇಫನು ಈಗ ಸೇಡು ತೀರಿಸಿಕೊಂಡಾನೆಂದು ಅದೇ ಅಣ್ಣಂದಿರು ಹೆದರಿ ಅವನಿಗೆ ಹೇಳಿಕಳುಹಿಸಿದರು. ಅದನ್ನು ಕೇಳಿ ಅವನು ಮತ್ತೆ ಅತ್ತನು. ಅವರ ಸಂಗಡ ಮತ್ತೆ ಮೊದಲಿನಿಂದ ಮಾತನಾಡಬೇಕಾಯಿತು.