ಉಜ್ಜಿದಷ್ಟೂ ಸವೆಯುವ ಬಣ್ಣ: ಕಾರಿನ ಹೊಳಪಿನ ಸುತ್ತ ತಪ್ಪು ಕಲ್ಪನೆ ಮತ್ತು ಸತ್ಯ

ಸಾಲ ಮಾಡಿ ಕೊಂಡ ಹೊಸ ಕಾರು ಎರಡು ವರ್ಷ ತುಂಬುವಷ್ಟರಲ್ಲಿ ಮಂಕಾಯಿತು ಎಂದು ಬೇಸರ ಪಡುವವರು ಬಹಳ. ಬಿಸಿಲು, ಧೂಳು, ಮಳೆಯನ್ನು ಎಲ್ಲರೂ ದೂರುತ್ತಾರೆ. ಅವುಗಳ ಪಾಲೂ ಇದೆ, ನಿಜ. ಆದರೆ ಹೆಚ್ಚಿನ ಹಾನಿ ಆಗುವುದು ನಾವು ಅಕ್ಕರೆಯಿಂದ ಒರೆಸುವ ಬಟ್ಟೆಯಿಂದಲೇ.

ಇದು ಅರ್ಥವಾಗಬೇಕಾದರೆ ಬಣ್ಣದ ಪದರಗಳನ್ನು ತಿಳಿದಿರಬೇಕು. ಇಂದಿನ ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಇದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಹೊಳಪು ಕೊಡುವುದೂ ಅದೇ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಅದೇ. ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ನಂಬಿಕೆಯನ್ನು ನೋಡೋಣ.

ತಪ್ಪು ಕಲ್ಪನೆ: ದಿನಾ ಬೆಳಿಗ್ಗೆ ಒರೆಸಿದರೆ ಕಾರು ಹೊಸದರಂತೆ ಉಳಿಯುತ್ತದೆ.

ಸತ್ಯ: ದಿನಾ ಒಣ ಬಟ್ಟೆಯಲ್ಲಿ ಒರೆಸುವುದೇ ಬಣ್ಣದ ಮೊದಲ ಶತ್ರು. ರಸ್ತೆಯ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಅವು ಕ್ಲಿಯರ್ ಕೋಟ್‌ಗಿಂತ ಗಟ್ಟಿ. ನೀರಿಲ್ಲದೆ ಬಟ್ಟೆ ಎಳೆದಾಗ ಆ ಕಣಗಳೂ ಜೊತೆಗೆ ಎಳೆದುಕೊಂಡು ಹೋಗುತ್ತವೆ. ರಾತ್ರಿ ಮೊಬೈಲಿನ ಟಾರ್ಚ್ ಹಿಡಿದು ಬಾನೆಟ್ ನೋಡಿ. ಬೆಳಕಿನ ಸುತ್ತ ಸುತ್ತು ಸುತ್ತಾಗಿ ನೂರಾರು ಸಣ್ಣ ಗೆರೆಗಳು ಕಾಣುತ್ತವೆ. ಗೆರೆಗಳು ನಿಜವಾಗಿ ಎಲ್ಲ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ಸುತ್ತಿನಂತೆ ತೋರುತ್ತವೆ. ಕಾರು ಮಂಕಾಗಿದೆ ಎನ್ನಿಸುವುದು ಈ ಗೆರೆಗಳಿಂದ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಸಾಲು ಕಾರುಗಳನ್ನು ಒರೆಸುವುದುಂಟು. ಮೂರನೆಯ ಕಾರಿಗೆ ಬರುವಷ್ಟರಲ್ಲಿ ನೀರು ಕೆಂಪಗಾಗಿರುತ್ತದೆ, ತಳದಲ್ಲಿ ಮಣ್ಣು ಕೂತಿರುತ್ತದೆ. ಅದೇ ಮಣ್ಣು ಬಟ್ಟೆಯೊಂದಿಗೆ ನಾಲ್ಕನೆಯ ಕಾರಿನ ಬಾಗಿಲಿಗೆ ಹೋಗುತ್ತದೆ. ತಪ್ಪು ಕೆಲಸ ಮಾಡುವವರದಲ್ಲ. ಅವರಿಗೆ ಸಿಗುವ ನೀರು ಅಷ್ಟೇ, ಸಮಯವೂ ಅಷ್ಟೇ. ಅವರಿಗೆ ನಿಮ್ಮದೇ ಎರಡು ಮೈಕ್ರೋಫೈಬರ್ ಬಟ್ಟೆ ಕೊಡಿ. ದಿನಾ ಗಾಜು ಮಾತ್ರ ಒರೆಸಲಿ, ಬಣ್ಣದ ಭಾಗವನ್ನು ವಾರಕ್ಕೊಮ್ಮೆ ಸರಿಯಾಗಿ ತೊಳೆಯಲಿ. ಸಂಬಳ ಅಷ್ಟೇ ಇರಲಿ.

ತಪ್ಪು ಕಲ್ಪನೆ: ಪಾಲಿಶ್, ವ್ಯಾಕ್ಸ್ ಎರಡೂ ಒಂದೇ, ಆಗಾಗ ಮಾಡಿಸಿದಷ್ಟೂ ರಕ್ಷಣೆ.

ಸತ್ಯ: ಎರಡರ ಕೆಲಸ ಒಂದಕ್ಕೊಂದು ವಿರುದ್ಧ. ಪಾಲಿಶ್‌ನಲ್ಲಿ ಉಜ್ಜುವ ನುಣುಪು ಕಣಗಳಿರುತ್ತವೆ. ಅವು ಕ್ಲಿಯರ್ ಕೋಟ್‌ನ ಮೇಲ್ಮೈಯನ್ನು ಸ್ವಲ್ಪ ಸವೆಸಿ ಗೆರೆಯ ಅಂಚನ್ನು ಸಮ ಮಾಡುತ್ತವೆ. ರಬ್ಬಿಂಗ್ ಕಾಂಪೌಂಡ್ ಇನ್ನೂ ಒರಟು. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೊಂದು ತೆಳು ಪದರವಾಗಿ ಕೂರುತ್ತದೆ. ಒಳ್ಳೆಯ ವ್ಯಾಕ್ಸ್‌ಗಳಲ್ಲಿ ಬಳಸುವ ಕಾರ್ನೂಬಾ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ನಮ್ಮ ಬಿಸಿಲಿನಲ್ಲಿ ಅದು ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೆ ಉಳಿಯುತ್ತದೆ.

ಆದ್ದರಿಂದ ವ್ಯಾಕ್ಸ್ ಅನ್ನು ಎರಡು ಮೂರು ತಿಂಗಳಿಗೊಮ್ಮೆ ಧೈರ್ಯವಾಗಿ ಹಚ್ಚಬಹುದು. ಪಾಲಿಶ್‌ಗೆ ಕೈ ಹಾಕುವುದು ಗೆರೆಗಳು ಕಣ್ಣಿಗೆ ಹೊಡೆಯುವಷ್ಟಾದಾಗ ಮಾತ್ರ. ಪ್ರತಿ ಸರ್ವಿಸ್‌ಗೂ ‘ರಬ್ಬಿಂಗ್-ಪಾಲಿಶಿಂಗ್’ ಮಾಡಿಸಿದರೆ ಹಣ ಕೊಟ್ಟು ಕ್ಲಿಯರ್ ಕೋಟ್ ತೆಗೆಸಿದ ಹಾಗೆ. ಕೆಲವು ಹಳೆಯ ಕಾರುಗಳಿಗೆ ಕ್ಲಿಯರ್ ಕೋಟ್ ಇರುವುದೇ ಇಲ್ಲ. ಮರೆಯಾದ ಮೂಲೆಯಲ್ಲಿ ಸ್ವಲ್ಪ ಪಾಲಿಶ್ ಹಚ್ಚಿ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ: ಬಟ್ಟೆಗೆ ಕಾರಿನ ಬಣ್ಣವೇ ಅಂಟಿದರೆ ಮೇಲೆ ಆ ಪದರ ಇಲ್ಲವೆಂದೇ ಅರ್ಥ. ಮ್ಯಾಟ್ ಬಣ್ಣದ ಕಾರಿಗಂತೂ ಪಾಲಿಶ್ ಸೋಕಿಸಲೇಬಾರದು.

ತಪ್ಪು ಕಲ್ಪನೆ: ಟೂತ್‌ಪೇಸ್ಟ್ ಹಚ್ಚಿದರೆ ಯಾವ ಗೀರೂ ಮಾಯ.

ಸತ್ಯ: ಟೂತ್‌ಪೇಸ್ಟ್‌ನಲ್ಲೂ ಉಜ್ಜುವ ಕಣಗಳಿವೆ, ಆದ್ದರಿಂದ ತೀರಾ ಮೇಲಿನ ಗುರುತು ಕೆಲವೊಮ್ಮೆ ಹೋಗುತ್ತದೆ. ಆದರೆ ಅದನ್ನು ಮಾಡಿರುವುದು ಹಲ್ಲಿಗಾಗಿ. ಬಣ್ಣವನ್ನು ಎಷ್ಟು ಸವೆಸುತ್ತದೆ ಎಂಬ ಲೆಕ್ಕ ಯಾರಿಗೂ ಸಿಗದು. ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡುವುದು ಒಳ್ಳೆಯ ಪರೀಕ್ಷೆ. ಉಗುರು ಜಾರಿದರೆ ಪಾಲಿಶ್‌ನಿಂದ ಹೋಗಬಹುದು. ಉಗುರು ಸಿಕ್ಕಿಕೊಂಡರೆ ಯಾವ ಪಾಲಿಶ್‌ಗೂ ಅದು ಬಗ್ಗುವುದಿಲ್ಲ, ಟಚ್-ಅಪ್ ಬಣ್ಣವೇ ಬೇಕು. ತಗಡು ಕಾಣುವಷ್ಟು ಆಳವಾದ ಗೀರನ್ನು ಮಳೆಗಾಲಕ್ಕೆ ಮುಂಚೆ ಮುಚ್ಚಿಬಿಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ ಅಲ್ಲಿ ತುಕ್ಕು ಬೇಗ ಹಿಡಿಯುತ್ತದೆ.

ತಪ್ಪು ಕಲ್ಪನೆ: ಬಟ್ಟೆ ಒಗೆಯುವ ಪುಡಿಯಿಂದ ತೊಳೆದರೆ ಕೊಳೆ ಚೆನ್ನಾಗಿ ಬಿಡುತ್ತದೆ.

ಸತ್ಯ: ಕೊಳೆಯ ಜೊತೆ ವ್ಯಾಕ್ಸ್ ಕೂಡ ಬಿಡುತ್ತದೆ. ಕರಗದೆ ಉಳಿದ ಪುಡಿಯ ಕಾಳು ಬಣ್ಣಕ್ಕೆ ಗೆರೆ ಎಳೆಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಸಲಕ್ಕೆ ಬಣ್ಣ ಹಾಳು ಮಾಡದು, ಆದರೆ ಜಿಡ್ಡು ತೆಗೆಯುವುದೇ ಅದರ ಗುಣ. ವಾರವಾರ ಬಳಸಿದರೆ ವ್ಯಾಕ್ಸ್ ನಿಲ್ಲುವುದಿಲ್ಲ. ಕಾರ್ ಶಾಂಪೂವಿನಲ್ಲಿ ಬಟ್ಟೆ ಜಾರುವಂತೆ ಮಾಡುವ ಅಂಶ ಇರುತ್ತದೆ. ಗೆರೆ ತಪ್ಪಿಸುವುದು ಆ ಜಾರುವಿಕೆ.

ತಪ್ಪು ಕಲ್ಪನೆ: ಸೀಮೆಎಣ್ಣೆ, ಡೀಸೆಲ್, ತೆಂಗಿನೆಣ್ಣೆ ಒರೆಸಿದರೆ ಒಳ್ಳೆಯ ಶೈನಿಂಗ್.

ಸತ್ಯ: ಹೊಳೆಯುವುದು ಎಣ್ಣೆ, ಬಣ್ಣವಲ್ಲ. ಸಂಜೆಯೊಳಗೆ ಆ ಜಿಡ್ಡಿಗೆ ರಸ್ತೆಯ ಧೂಳೆಲ್ಲ ಅಂಟಿರುತ್ತದೆ. ಡಾಂಬರಿನ ಚುಕ್ಕೆ ತೆಗೆಯಲು ಮಾತ್ರ ಬಟ್ಟೆಯ ತುದಿಗೆ ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿ ಒರೆಸಬಹುದು. ಆ ಜಾಗವನ್ನು ಕೂಡಲೇ ಶಾಂಪೂ ನೀರಿನಲ್ಲಿ ತೊಳೆದು ಮತ್ತೆ ವ್ಯಾಕ್ಸ್ ಹಚ್ಚಬೇಕು.

ತಪ್ಪು ಕಲ್ಪನೆ: ತೊಳೆದ ಮೇಲೆ ನೀರು ತಾನಾಗಿ ಆರಿದರೆ ಸಾಕು.

ಸತ್ಯ: ನೀರು ಆರುತ್ತದೆ, ಅದರಲ್ಲಿದ್ದ ಲವಣ ಅಲ್ಲೇ ಉಳಿಯುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಎಷ್ಟೋ ಬೋರ್‌ವೆಲ್‌ಗಳ ನೀರು ಅದಕ್ಕಿಂತ ಗಡಸು. ನಲ್ಲಿಯ ಮೇಲೆ ಕಟ್ಟುವ ಬಿಳಿ ಪೊರೆಯೇ ಬಾನೆಟ್ ಮೇಲೂ ಚುಕ್ಕೆಯಾಗಿ ಕೂರುತ್ತದೆ, ಬಿಸಿಲಿಗೆ ಕಾದು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ನೆರಳಿನಲ್ಲಿ ತೊಳೆದು ತಕ್ಷಣ ಒಣಗಿಸುವುದೇ ಮದ್ದು. ಹೊಸ ಚುಕ್ಕೆಗಳಿಗೆ ಒಂದು ಪಾಲು ಬಿಳಿ ವಿನೆಗರ್, ಒಂದು ಪಾಲು ನೀರು ಬೆರೆಸಿ, ತಣ್ಣಗಿರುವ ಬಣ್ಣದ ಮೇಲೆ ಮೆಲ್ಲಗೆ ಒರೆಸಿ ತೊಳೆಯಿರಿ.

ತಪ್ಪು ಕಲ್ಪನೆ: ಹಕ್ಕಿಯ ಹಿಕ್ಕೆಯನ್ನು ಭಾನುವಾರ ತೊಳೆದರಾಯಿತು.

ಸತ್ಯ: ಭಾನುವಾರದವರೆಗೆ ಬಿಟ್ಟರೆ ಅದರ ಅಚ್ಚು ಬಣ್ಣದಲ್ಲೇ ಉಳಿಯಬಹುದು. ಹಿಕ್ಕೆಯಲ್ಲಿ ಆಮ್ಲೀಯ ಅಂಶ ಇದೆ. ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಸ್ವಲ್ಪ ಮೆದುವಾದಾಗ ಅದು ಇನ್ನಷ್ಟು ಕೆಲಸ ಮಾಡುತ್ತದೆ. ಒಣಗಿದ್ದರೆ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಇಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಒಂದು ಬಾಟಲಿ ನೀರು, ಒಂದು ಬಟ್ಟೆ ಯಾವಾಗಲೂ ಡಿಕ್ಕಿಯಲ್ಲಿರಲಿ.

ತಪ್ಪು ಕಲ್ಪನೆ: ಕವರ್ ಹಾಕಿದರೆ ಯಾವ ಚಿಂತೆಯೂ ಇಲ್ಲ.

ಸತ್ಯ: ಧೂಳು ಕೂತ ಕಾರಿನ ಮೇಲೆ ಕವರ್ ಎಳೆದರೆ, ಗಾಳಿಗೆ ಅದು ಅಲುಗಾಡಿದಷ್ಟೂ ಗೆರೆ ಬೀಳುತ್ತದೆ. ಒದ್ದೆ ಕಾರಿಗೆ ಹಾಕಿದರೆ ತೇವ ಒಳಗೇ ನಿಲ್ಲುತ್ತದೆ. ಕಾರು ತೊಳೆದು ಒಣಗಿದ ಮೇಲೆ ಹಾಕಿ, ಇಲ್ಲವೇ ಬಿಟ್ಟುಬಿಡಿ.

ತಪ್ಪು ಕಲ್ಪನೆ: 9ಎಚ್ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರೇ ಬೀಳದು.

ಸತ್ಯ: 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆ. ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳನ್ನು ಲೇಪದ ಮೇಲೆ ಒತ್ತಿ ಎಳೆದು ನೋಡುವ ಪರೀಕ್ಷೆಯದು. ಅದರಲ್ಲಿ 9ಎಚ್ ಅತಿ ಗಟ್ಟಿ ಪೆನ್ಸಿಲ್. ವಜ್ರದ ಗಡಸುತನ ಅಳೆಯುವ ಮಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಸೆರಾಮಿಕ್ ಪದರ ಕೆಲವೇ ಮೈಕ್ರಾನ್, ಎಷ್ಟೋ ಸಲ ಅದಕ್ಕಿಂತಲೂ ತೆಳು. ನೀರು ಜಾರುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ, ವ್ಯಾಕ್ಸ್‌ಗಿಂತ ಬಹುಕಾಲ ಬಾಳುತ್ತದೆ. ಇಷ್ಟೂ ನಿಜವಾದ ಲಾಭ. ಕೀಲಿಯ ಗೀರು, ಹೆದ್ದಾರಿಯ ಜಲ್ಲಿಯ ಏಟು ಮಾತ್ರ ಅದಕ್ಕೆ ತಡೆಯಲಾಗದು. ಜಲ್ಲಿಯಿಂದ ಕಾಪಾಡುವುದು ಬಣ್ಣದ ಮೇಲೆ ಅಂಟಿಸುವ ದಪ್ಪನೆಯ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್).

ಮನೆಯಲ್ಲೇ ಮಾಡುವುದಾದರೆ

ಕಾರು ನೆರಳಿನಲ್ಲಿರಲಿ, ಬಾನೆಟ್ ಕೈಗೆ ತಣ್ಣಗಿರಲಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೊದಲು ನೀರು ಹಾಯಿಸಿ ಮಣ್ಣು ಇಳಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಚಕ್ರಕ್ಕೆ ಬೇರೆ ಬಟ್ಟೆ.

ಒಣಗಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ನುಣುಪಾಗಿದೆ ಎಂದುಕೊಂಡಿದ್ದ ಬಣ್ಣ ತರಿತರಿಯಾಗಿ ಸಿಕ್ಕಿದರೆ, ತೊಳೆದರೂ ಹೋಗದ ಕಣಗಳು ಅಂಟಿಕೊಂಡಿವೆ ಎಂದರ್ಥ. ಅದನ್ನು ತೆಗೆಯಲು ಕ್ಲೇ ಬಾರ್ ಎಂಬ, ಜೇಡಿಮಣ್ಣಿನಂತೆ ಮೆತ್ತಗಿನ ಉಂಡೆ ಇದೆ. ಶಾಂಪೂ ನೀರು ಚಿಮುಕಿಸಿ ಒತ್ತದೆ ಜಾರಿಸಬೇಕು. ಕೆಳಗೆ ಬಿದ್ದ ಕ್ಲೇಯನ್ನು ಮತ್ತೆ ಬಳಸಬಾರದು.

ಪಾಲಿಶ್ ಬೇಕೇ ಬೇಕಾದರೆ ಅತ್ಯಂತ ನುಣುಪಾದದ್ದನ್ನು ಒಂದೂವರೆ ಅಡಿ ಜಾಗದಲ್ಲಿ ಮೊದಲು ಪರೀಕ್ಷಿಸಿ, ಟಾರ್ಚ್ ಬಿಟ್ಟು ನೋಡಿ. ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಬಾಗಿಲಿನ ಅಂಚು, ಬಾಡಿಯ ಏಣುಗಳಲ್ಲಿ ಬಣ್ಣ ತೀರಾ ತೆಳುವಾಗಿರುತ್ತದೆ, ಅಲ್ಲಿ ಉಜ್ಜಬೇಡಿ. ಗ್ರೈಂಡರ್‌ಗೆ ಪ್ಯಾಡ್ ಹಾಕಿ ತಿರುಗಿಸುವ ಸಾಹಸವಂತೂ ಬೇಡ. ಒಂದೇ ಕಡೆ ಬಿಸಿಯೇರಿ ಬಣ್ಣ ಸುಟ್ಟುಹೋಗುತ್ತದೆ. ಕೊನೆಗೆ ವ್ಯಾಕ್ಸ್ ಅನ್ನು ಆದಷ್ಟು ತೆಳುವಾಗಿ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಶುದ್ಧ ಬಟ್ಟೆಯಲ್ಲಿ ತೆಗೆಯಿರಿ. ದಪ್ಪಗೆ ಬಳಿದರೆ ಖರ್ಚು ಹೆಚ್ಚು, ರಕ್ಷಣೆ ಅಷ್ಟೇ.

ನೀರಿನ ಮಾತನ್ನೂ ಮರೆಯಬಾರದು. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ಬೆಂಗಳೂರು ಜಲಮಂಡಳಿ ನಿಷೇಧಿಸಿ, ₹5,000 ದಂಡ ಹಾಕಿತ್ತು. ಪೈಪ್ ಬಿಟ್ಟು ನೀರು ಹರಿಸುವ ಅಗತ್ಯವೇ ಇಲ್ಲ. ಕಾರು ಚೊಕ್ಕಟವಾಗಲು ಎರಡು ಮೂರು ಬಕೆಟ್ ಸಾಕು. ಮಳೆನೀರು ಹಿಡಿದಿಟ್ಟಿದ್ದರೆ ಅದು ಬೋರ್‌ವೆಲ್ ನೀರಿಗಿಂತ ಮೆದು, ಕಲೆಯೂ ಕಡಿಮೆ. ಮುಂದಿನ ಸಲ ಯಾರಾದರೂ ಪಾಲಿಶ್ ಪ್ಯಾಕೇಜ್ ಮುಂದಿಟ್ಟರೆ ಒಂದೇ ಪ್ರಶ್ನೆ ಕೇಳಿ: ಇದು ನನ್ನ ಬಣ್ಣದ ಮೇಲೆ ಏನನ್ನಾದರೂ ಸೇರಿಸುತ್ತದೆಯೋ, ಇದ್ದುದನ್ನು ತೆಗೆಯುತ್ತದೆಯೋ? ಉತ್ತರ ತಿಳಿದ ಮೇಲೆ ಹಣ ಕೊಡಿ.