ಬಿದ್ದ ರೈಫಲ್ಲು

ಆಲ್ಪ್ಸ್ ಪರ್ವತದ ಇಳಿಜಾರಿನಲ್ಲಿ ಬೇಟೆಗಾರನ ರೈಫಲ್ಲು ಕೈಜಾರಿ ಬಂಡೆಗೆ ಬಡಿಯಿತೆನ್ನೋಣ. ಮರದ ಹಿಡಿ ಸೀಳಿದರೆ ಕಣ್ಣಿಗೆ ಕಾಣುತ್ತದೆ. ನಾವು ಅಂಜಬೇಕಾದುದು ಕಾಣದ ಕೇಡಿಗೆ. ನಳಿಗೆಯ ಮೇಲೆ ಗುರಿ ನೋಡುವ ಎರಡು ಗುರುತುಗಳ ನಡುವೆ 50 ಸೆಂಟಿಮೀಟರ್ ಅಂತರವಿದ್ದು, ಮುಂದಿನದು ಅರ್ಧ ಮಿಲಿಮೀಟರಿನಷ್ಟೇ ಪಕ್ಕಕ್ಕೆ ಸರಿದರೂ, 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. ಸಮರೂಪ ತ್ರಿಭುಜಗಳನ್ನು ಬಲ್ಲವರು ಲೆಕ್ಕ ಹಾಕಿ ನೋಡಬಹುದು. ಪ್ರಾಣಿಯು ಸಾಯದೆ ಗಾಯಗೊಂಡು ನರಳುತ್ತದೆ.

ಇದಕ್ಕಿಂತಲೂ ಘೋರವಾದುದು ನಳಿಗೆಯ ಬಾಯಲ್ಲಿ ಸಿಕ್ಕಿಕೊಂಡ ಮಣ್ಣು ಇಲ್ಲವೆ ಹಿಮ. ಅಷ್ಟು ಮೆತ್ತನೆಯ ವಸ್ತುವನ್ನು ಗುಂಡು ತಳ್ಳಿಬಿಡದೆ? ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಿಂದ ಬರುವ ಗುಂಡಿಗೆ ದಾರಿ ಬಿಡಲು, ಜಡತ್ವದ ದೆಸೆಯಿಂದ, ಆ ಹೆಂಟೆಗೆ ವೇಳೆಯೇ ಸಾಲದು. ಒತ್ತಡವು ಅಲ್ಲಿಯೇ ಏರಿ ಉಕ್ಕು ಉಬ್ಬುತ್ತದೆ, ಸಿಡಿಯಲೂಬಹುದು. ಆದುದರಿಂದ ಮೊದಲು ತೋಟಾಗಳನ್ನು ತೆಗೆದು, ಬೋಲ್ಟನ್ನು ಕಳಚಿ, ನಳಿಗೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡತಕ್ಕದ್ದು. ಒಳಗೆ ಡೊಂಕಾದ ನೆರಳು ಕಂಡರೆ ಅದು ಕೋವಿ ರಿಪೇರಿ ಬಲ್ಲವನ ಕೆಲಸ.