ಒಂದೇ ಬರಹ, ಎರಡು ಪದ

ಓ, ಎನ್, ಸಿ, ಇ ಎಂಬ ನಾಲ್ಕು ರೋಮನ್ ಅಕ್ಷರಗಳನ್ನು ಒಂದು ಚೀಟಿಯ ಮೇಲೆ ಬರೆದು ಇಂಗ್ಲಿಷ್ ಬಲ್ಲವನ ಮುಂದಿಟ್ಟರೆ, ಅವನು ಅದನ್ನು ‘ವನ್ಸ್’ ಎಂದು ಓದಿ ‘ಒಂದು ಸಲ’ ಎಂದು ಅರ್ಥ ಹೇಳುತ್ತಾನೆ. ಅದೇ ಚೀಟಿಯನ್ನು ಸ್ಪ್ಯಾನಿಷ್ ಮಾತ್ರ ಬಲ್ಲವನ ಕೈಗಿತ್ತರೆ ಅವನು ‘ಒನ್ಸೆ’ ಎಂದು ಓದುತ್ತಾನೆ. ಅವನಿಗೆ ಅದರ ಅರ್ಥ ‘ಹನ್ನೊಂದು’. ಇಬ್ಬರಲ್ಲಿ ಯಾರೂ ತಪ್ಪಿದವರಲ್ಲ. ಬರವಣಿಗೆಯಲ್ಲಿ ಒಂದೇ ಆಗಿದ್ದು, ಉಚ್ಚಾರಣೆಯಲ್ಲಿಯೂ ಅರ್ಥದಲ್ಲಿಯೂ ಬೇರೆಬೇರೆಯಾದ ಈ ಎರಡು ಪದಗಳ ವಿಚಾರ ಕೇಳುವುದಕ್ಕೆ ವಿನೋದವಾಗಿದೆ. ಆದರೆ ಆ ಚೀಟಿ ಔಷಧದ ಸೀಸೆಗೆ ಅಂಟಿಸಿದ್ದಾದರೆ ವಿನೋದ ಅಲ್ಲಿಗೆ ಮುಗಿಯುತ್ತದೆ.

ಇವೆರಡೂ ಹುಟ್ಟಿನಲ್ಲಿ ಪೂರ್ಣವಾಗಿ ಅಪರಿಚಿತವಲ್ಲ ಎಂಬುದು ಸೋಜಿಗದ ಸಂಗತಿ. ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಎಂದರೆ ಒಂದು. ಅದಕ್ಕೆ ಷಷ್ಠೀ ವಿಭಕ್ತಿಯ ಸಕಾರ ಸೇರಿ ಆದ ರೂಪವೇ ಕಾಲಕ್ರಮದಲ್ಲಿ ‘ವನ್ಸ್’ ಎಂದಾಯಿತು. ಲ್ಯಾಟಿನ್ನಿನಲ್ಲಿ ಒಂದು ಮತ್ತು ಹತ್ತು ಎಂಬ ಪದಗಳು ಕೂಡಿ ಆದ ‘ಉಂದೆಕಿಮ್’ ಎಂಬ ಸಂಖ್ಯಾವಾಚಕವು ಸ್ಪೇನಿನ ನೆಲದಲ್ಲಿ ಜನರ ನಾಲಗೆಯ ಮೇಲೆ ಸವೆದು ‘ಒನ್ಸೆ’ ಆಯಿತು. ಸಂಸ್ಕೃತದ ಏಕಾದಶ ಎಂಬ ಪದದ ರಚನೆಯೂ ಇಂಥದೇ. ಹೀಗೆ ಇಂಗ್ಲಿಷ್ ಪದದೊಳಗೂ ಒಂದು ಇದೆ, ಸ್ಪ್ಯಾನಿಷ್ ಪದದೊಳಗೂ ಒಂದು ಇದೆ. ಆ ಒಂದರ ಬೇರೂ ಒಂದೇ. ಇಂಗ್ಲಿಷ್ ಪದವು ಒಂದರಲ್ಲಿಯೇ ನಿಂತಿತು, ಸ್ಪ್ಯಾನಿಷ್ ಪದವು ಹತ್ತನ್ನೂ ಕೂಡಿಸಿಕೊಂಡಿತು.

ಇಂಗ್ಲಿಷಿನ ‘ವನ್ಸ್’ ಪುಟ್ಟ ಪದವಾದರೂ ಅದರ ವ್ಯವಹಾರ ದೊಡ್ಡದು. ‘ಅವನು ದಿನಕ್ಕೆ ಒಂದು ಸಲ ಉಣ್ಣುತ್ತಾನೆ’ ಎಂಬಲ್ಲಿ ಅದು ಎಣಿಕೆಯ ಪದ. ಸ್ಪ್ಯಾನಿಷಿನವರು ಇದಕ್ಕೆ ‘ಉನಾ ವೆಸ್’ ಎನ್ನುತ್ತಾರೆ. ‘ವೆಸ್’ ಎಂದರೆ ಸಲ, ಸರದಿ. ‘ಇಲ್ಲಿ ಹಿಂದೆ ಕಾಡಿತ್ತು’ ಎಂಬ ಮಾತಿಗೂ ಇಂಗ್ಲಿಷಿನಲ್ಲಿ ಇದೇ ‘ವನ್ಸ್’ ಸಾಕು. ಸ್ಪ್ಯಾನಿಷಿನಲ್ಲಿ ಇಲ್ಲಿ ‘ಉನಾ ವೆಸ್’ ಸಾಮಾನ್ಯವಾಗಿ ಒದಗುವುದಿಲ್ಲ. ‘ಮೊದಲು’ ಎಂಬರ್ಥದ ‘ಆಂತೆಸ್’ ಬೇಕು, ಇಲ್ಲವೆ ‘ಬೇರೊಂದು ಕಾಲದಲ್ಲಿ’ ಎಂದು ಬಿಡಿಸಿ ಹೇಳಬೇಕು. ಕತೆ ಹೇಳುವ ಇಂಗ್ಲಿಷ್ ಅಜ್ಜಿ ‘ವನ್ಸ್ ಅಪಾನ್ ಎ ಟೈಮ್’ ಎಂದು ತೊಡಗಿದರೆ, ಸ್ಪ್ಯಾನಿಷ್ ಅಜ್ಜಿ ‘ಎರಾಸೆ ಉನಾ ವೆಸ್’ ಎಂದು ತೊಡಗುತ್ತಾಳೆ. ಕನ್ನಡದ ಅಜ್ಜಿಯ ‘ಒಂದಾನೊಂದು ಕಾಲದಲ್ಲಿ’ ಎಂಬುದರಲ್ಲಿಯೂ ಒಂದು ಎಂಬ ಪದ ಎರಡು ಬಾರಿ ಕುಳಿತಿದೆ.

‘ಮಳೆ ನಿಂತ ಕೂಡಲೆ ಹೊರಡೋಣ’ ಎಂಬಲ್ಲಿ ‘ವನ್ಸ್’ ಎಣಿಕೆಯೂ ಅಲ್ಲ, ಕಳೆದ ಕಾಲವೂ ಅಲ್ಲ. ಎರಡು ವಾಕ್ಯಗಳನ್ನು ಬೆಸೆಯುವ ಕೊಂಡಿ. ಕನ್ನಡವು ಈ ಕೆಲಸವನ್ನು ‘ನಿಂತ’ ಎಂಬ ಕೃದಂತಕ್ಕೂ ‘ಕೂಡಲೆ’ ಎಂಬ ಅವ್ಯಯಕ್ಕೂ ಒಪ್ಪಿಸುತ್ತದೆ. ಸ್ಪ್ಯಾನಿಷ್ ‘ಉನಾ ವೆಸ್ ಕೆ’ ಎಂದೋ ‘ಎನ್ ಕ್ವಾಂತೊ’ ಎಂದೋ ಹೇಳುತ್ತದೆ. ಇನ್ನು ‘ಅಟ್ ವನ್ಸ್’ ಎಂಬ ನುಡಿಗಟ್ಟಿಗೆ ಇಂಗ್ಲಿಷಿನಲ್ಲಿಯೇ ಎರಡರ್ಥ. ‘ಇಬ್ಬರೂ ಅಟ್ ವನ್ಸ್ ಉತ್ತರ ಕೊಟ್ಟರು’ ಎಂದರೆ ತಡಮಾಡದೆ ಕೊಟ್ಟರೋ, ಒಟ್ಟಿಗೆ ಕೊಟ್ಟರೋ? ಇಂಗ್ಲಿಷ್ ಓದುಗನು ಸಂದರ್ಭವನ್ನು ನೋಡಿ ಊಹಿಸಿಕೊಳ್ಳುತ್ತಾನೆ. ಅನುವಾದಕನಿಗೆ ಆ ಸೌಕರ್ಯವಿಲ್ಲ. ಅವನು ‘ತಕ್ಷಣ’ ಎಂಬರ್ಥದ ‘ಎನ್ ಸೆಗೀದಾ’ ಅಥವಾ ‘ಏಕಕಾಲಕ್ಕೆ’ ಎಂಬರ್ಥದ ‘ಆ ಲಾ ವೆಸ್’, ಇವೆರಡರಲ್ಲಿ ಒಂದನ್ನು ಆರಿಸಲೇಬೇಕು. ಆದಕಾರಣ ‘ವನ್ಸ್’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದವನಿಗೆ, ಯಾವ ‘ವನ್ಸ್’ ಎಂದು ಮರುಪ್ರಶ್ನೆ ಹಾಕುವುದೇ ಸರಿಯಾದ ಉತ್ತರ.

ಸ್ಪ್ಯಾನಿಷಿನ ‘ಒನ್ಸೆ’ಗೆ ಇಷ್ಟೊಂದು ಮುಖಗಳಿಲ್ಲ. ಸ್ಪೇನಿನ ಹೆಚ್ಚಿನ ಭಾಗಗಳಲ್ಲಿ ಅದನ್ನು ‘ಒನ್ಥೆ’ ಎಂಬಂತೆ ನುಡಿಯುತ್ತಾರೆ. ಅಲ್ಲಿನ ಪತ್ರಿಕೆಗಳಲ್ಲಿ ‘ಎಲ್ ಒನ್ಸೆ’ ಎಂದರೆ ಫುಟ್‌ಬಾಲ್ ಆಟಕ್ಕಿಳಿದ ಹನ್ನೊಂದು ಮಂದಿಯ ತಂಡ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಸಂಜೆಯ ಚಹಾ ಮತ್ತು ಬ್ರೆಡ್ಡಿನ ಲಘು ಆಹಾರಕ್ಕೆ ‘ಒನ್ಸೆ’ ಎಂದೇ ಹೆಸರು. ‘ಆಗ್ವಾರ್ದಿಯೆಂತೆ’ ಎಂಬ ಮದ್ಯದ ಹೆಸರಿನಲ್ಲಿ ಹನ್ನೊಂದು ಅಕ್ಷರಗಳಿವೆ. ಅದನ್ನು ಕುಡಿಯುವವರು ಬಾಯಿಬಿಟ್ಟು ಹೇಳಲು ನಾಚಿ ‘ಹನ್ನೊಂದನ್ನು ತೆಗೆದುಕೊಳ್ಳೋಣ’ ಎನ್ನುತ್ತಿದ್ದರಂತೆ. ಇದು ಜನರ ಬಾಯಲ್ಲಿ ನಿಂತ ಕತೆ, ನಂಬಲೇಬೇಕೆಂದಿಲ್ಲ.

ಈಗ ಸೀಸೆಯ ಚೀಟಿಯ ವಿಚಾರ. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯ ಮೊದಲಾದ ಸ್ಪ್ಯಾನಿಷ್ ನಾಡುಗಳಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಇಂಗ್ಲಿಷ್ ಓದಲಾರದವರಿಗೆ ಅನುಕೂಲವಾಗಲೆಂದು ಅಲ್ಲಿನ ಔಷಧದ ಅಂಗಡಿಗಳು ಗಣಕಯಂತ್ರದ ಸಹಾಯದಿಂದ ಸ್ಪ್ಯಾನಿಷ್ ಚೀಟಿಗಳನ್ನು ಮುದ್ರಿಸಿ ಕೊಡುತ್ತಿದ್ದವು. ಇಂಥ ಚೀಟಿಗಳನ್ನು ಕುರಿತ ಒಂದು ಅಧ್ಯಯನವು 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 76 ಚೀಟಿಗಳಲ್ಲಿ ಅರ್ಧದಷ್ಟರಲ್ಲಿ ತಪ್ಪುಗಳಿದ್ದವು. ಅವುಗಳಲ್ಲಿ 32 ಚೀಟಿಗಳ ಅನುವಾದ ಅಪೂರ್ಣವಾಗಿತ್ತು. ಯಂತ್ರವು ಕೆಲವು ಮಾತುಗಳನ್ನು ಸ್ಪ್ಯಾನಿಷಿಗೆ ತಿರುಗಿಸಿ, ಕೆಲವನ್ನು ಇಂಗ್ಲಿಷಿನಲ್ಲಿಯೇ ಉಳಿಸಿಬಿಟ್ಟಿತ್ತು. ಹಾಗೆ ಉಳಿದುಹೋದ ಮಾತುಗಳಲ್ಲಿ ‘ದಿನಕ್ಕೆ ಒಂದು ಸಲ’ ಎಂಬುದೂ ಒಂದು.

ಉಳಿದ ಇಂಗ್ಲಿಷ್ ಪದಗಳಿಂದ ರೋಗಿಗೆ ತೊಂದರೆಯಾದರೂ ಅಪಾಯ ಕಡಿಮೆ. ‘ಆಹಾರದೊಡನೆ’ ಎಂಬ ಇಂಗ್ಲಿಷ್ ಮಾತು ತಿಳಿಯದೆ ಹೋದರೆ ಅವನು ಅಂಗಡಿಯವನನ್ನೋ ನೆರೆಯವನನ್ನೋ ಕೇಳುತ್ತಾನೆ. ಆದರೆ ಸ್ಪ್ಯಾನಿಷ್ ವಾಕ್ಯದ ನಡುವೆ ಓ, ಎನ್, ಸಿ, ಇ ಎಂದಿದ್ದರೆ ಅವನು ಯಾರನ್ನೂ ಕೇಳುವುದಿಲ್ಲ. ಅದು ಅವನದೇ ಭಾಷೆಯ ಪದ. ಬಾಲ್ಯದಲ್ಲಿ ಬೆರಳು ಮಡಿಸಿ ಎಣಿಸಿ ಕಲಿತದ್ದು. ಕಾಗುಣಿತವನ್ನು ತಿದ್ದುವ ಯಂತ್ರಕ್ಕೂ ಅದು ಶುದ್ಧವಾದ ಸ್ಪ್ಯಾನಿಷ್ ಪದವಾಗಿಯೇ ಕಾಣುತ್ತದೆ. ಚೀಟಿಯನ್ನು ಯಾರಾದರೂ ಗಟ್ಟಿಯಾಗಿ ಓದಿದ್ದರೆ ‘ವನ್ಸ್’ ಎಂಬ ಧ್ವನಿಯೇ ಎಚ್ಚರಿಕೆ ಕೊಡುತ್ತಿತ್ತು. ಕಣ್ಣಿಗೆ ಆ ಎಚ್ಚರಿಕೆ ದೊರೆಯುವುದಿಲ್ಲ. ರಕ್ತದೊತ್ತಡವನ್ನು ತಗ್ಗಿಸುವ ಮಾತ್ರೆಯನ್ನು ದಿನಕ್ಕೊಂದರ ಬದಲು ಹನ್ನೊಂದು ನುಂಗಿದರೆ ಒತ್ತಡವು ಕುಸಿದು ರೋಗಿಯ ಪ್ರಾಣಕ್ಕೇ ಸಂಚಕಾರ ಬರಬಹುದು.

2012ರಲ್ಲಿ ನ್ಯೂಯಾರ್ಕ್ ರಾಜ್ಯವು, ದೊಡ್ಡ ಔಷಧ ವ್ಯಾಪಾರ ಸಂಸ್ಥೆಗಳು ಇಂಗ್ಲಿಷ್ ಬಾರದ ರೋಗಿಗಳಿಗೆ ಅನುವಾದದ ನೆರವು ಒದಗಿಸಬೇಕೆಂದು ಶಾಸನ ಮಾಡಿತು. ಕ್ಯಾಲಿಫೋರ್ನಿಯ ರಾಜ್ಯದ ಔಷಧ ಮಂಡಲಿಯು ಬೇರೊಂದು ದಾರಿ ಹಿಡಿಯಿತು. ಔಷಧದ ಚೀಟಿಯ ಮೇಲಿನ ಸೂಚನೆಗಳಿಗೆ ಅದು ಸರಳವಾದ ಕೆಲವು ವಾಕ್ಯಗಳನ್ನು ಗೊತ್ತುಮಾಡಿ, ಅವನ್ನು ಸ್ಪ್ಯಾನಿಷ್, ಚೀನಿ, ಕೊರಿಯನ್, ರಷ್ಯನ್ ಮತ್ತು ವಿಯೆಟ್ನಾಮಿ ಭಾಷೆಗಳಿಗೆ ಅನುವಾದ ಮಾಡಿಸಿ ಸಿದ್ಧವಾಗಿಟ್ಟಿತು. ಆ ವಾಕ್ಯಗಳಲ್ಲಿ ಇಂಗ್ಲಿಷಿನ ‘ವನ್ಸ್’ ಎಂಬ ಪದಕ್ಕೆ ಸ್ಥಳವೇ ಇಲ್ಲ. ಅಲ್ಲಿರುವುದು ಇಷ್ಟೆ: ‘ಬೆಳಿಗ್ಗೆ 1 ಮಾತ್ರೆ ತೆಗೆದುಕೊಳ್ಳಿ’.